ಕೆಲಸದಿಂದ ತೆಗೆಯುವ ಪಾಠ

ಕ್ರೈಸ್ತ ಕಾಲೇಜೊಂದರ ಎಂಬಿಎ ತರಗತಿ. ನೌಕರನನ್ನು ಕೆಲಸದಿಂದ ತೆಗೆದ ಸುದ್ದಿಯನ್ನು ಅವನಿಗೇ ಹೇಳುವುದು ಅಂದಿನ ಪ್ರಾಯೋಗಿಕ ಪರೀಕ್ಷೆ. ನೌಕರನ ಪಾತ್ರ ಸಲ್ಡಾನ್ಹ ಮೇಷ್ಟ್ರದು. ಹಿಂದಿನ ಸಲ ವಿದ್ಯಾರ್ಥಿನಿ ಜೆಸಿಂತಾ ಆ ಸುದ್ದಿ ಹೇಳಲಾಗದೆ ಫೇಲಾಗಿದ್ದಳು. ಈ ಸಲವೂ ತಪ್ಪಿದರೆ ಅವಳ ಓದು ಅಲ್ಲಿಗೇ ಮುಗಿದಂತೆ.

"ನಾಳೆಯಿಂದ ನೀವು ಬರಬೇಕಾಗಿಲ್ಲ," ಎಂದಳು ಜೆಸಿಂತಾ.

ಮೇಷ್ಟ್ರು ಕೈಮುಗಿದರು. "ಹಾಗೆನ್ನಬೇಡಿ ಮೇಡಂ. ಈ ವಯಸ್ಸಿನಲ್ಲಿ ನನಗೆ ಯಾರು ಕೆಲಸ ಕೊಡುತ್ತಾರೆ? ಹೆಂಡತಿ ಹಾಸಿಗೆ ಹಿಡಿದಿದ್ದಾಳೆ."

ಅವರ ದನಿ ನಡುಗಿತು. ಜೆಸಿಂತಾಳಿಗೆ ಎದ್ದು ಓಡಿಬಿಡೋಣ ಎನ್ನಿಸಿತು. ಆದರೂ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು, ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ನಿಮ್ಮ ಕೆಲಸದಲ್ಲಿ ಯಾವ ಕುಂದೂ ಇಲ್ಲ ಸರ್. ಸಂಸ್ಥೆಗೆ ನಿಮ್ಮನ್ನು ಉಳಿಸಿಕೊಳ್ಳಲು ಆಗುತ್ತಿಲ್ಲ. ಕ್ಷಮಿಸಿ."

ತರಗತಿ ಚಪ್ಪಾಳೆ ತಟ್ಟಿತು. ಮೇಷ್ಟ್ರು ಕಣ್ಣೊರೆಸಿಕೊಂಡರು. "ಪಾಸಾದೆ, ಮಗಳೇ."

ಜೆಸಿಂತಾಳಿಗೆ ಹೋದ ಜೀವ ಬಂದಂತಾಯಿತು. "ಎಷ್ಟು ಚೆನ್ನಾಗಿ ನಟಿಸಿದಿರಿ ಸರ್!"

ಮೇಷ್ಟ್ರು ಚೀಲವನ್ನು ಹೆಗಲಿಗೇರಿಸಿದರು. "ಬೆಳಿಗ್ಗೆ ನನಗೆ ಇದನ್ನೇ ಹೇಳುವಾಗ ನಮ್ಮ ಪ್ರಿನ್ಸಿಪಾಲ್ ಫಾದರ್ ತಲೆಯನ್ನೇ ಎತ್ತಲಿಲ್ಲಮ್ಮ."