ಸೇಫ್ಟಿ ಕಾಲೇಜು

"ನೇರವಾಗಿ ಕೇಳುತ್ತೇನೆ. ನಾವು ನಿನ್ನ ಸೇಫ್ಟಿ ಕಾಲೇಜು, ಅಲ್ಲವೇ?"

ಸ್ಕಾಲರ್‌ಶಿಪ್ ಸಂದರ್ಶನದಲ್ಲಿ ಪ್ರೊಫೆಸರ್ ಹನಾನ್ ಇಂಗ್ಲಿಷಿನಲ್ಲಿ ಹೀಗೆ ಕೇಳಿದಾಗ ಹಿಂದಿನ ಕುರ್ಚಿಯಲ್ಲಿದ್ದ ಗುಣಪಾಲ ಮಗಳ ಕಡೆ ನೋಡಿದ. ಬೇರೆಲ್ಲೂ ಆಗದಿದ್ದರೆ ಇಲ್ಲಾದರೂ ಸೀಟು ಸಿಕ್ಕೀತು, ಖರ್ಚೂ ಕೈಮೀರದು ಎಂದು ಮಕ್ಕಳು ಕೊನೆಗೆ ಸೇರಿಸಿಟ್ಟುಕೊಳ್ಳುವ ಕಾಲೇಜಿಗೆ ಆ ಹೆಸರು. ಈ ಪ್ರಶ್ನೆ ಬರಬಹುದೆಂದು ಅವನು ಅಬುಧಾಬಿಯಿಂದ ರಾಸ್ ಅಲ್ ಖೈಮಾದವರೆಗೂ ಕಾರಿನಲ್ಲಿ ಮಗಳಿಗೆ ಪಾಠ ಮಾಡಿದ್ದ. "ನೀವೇ ನನ್ನ ಫಸ್ಟ್ ಚಾಯ್ಸ್ ಅಂತ ಹೇಳು ಮಾರಾಯ್ತಿ. ಹೇಳಲಿಕ್ಕೆ ಎಂತ ಕಷ್ಟ?" ಯಶ್ಮಿತಾ ಕಿಟಕಿಯ ಕಡೆ ಮುಖ ಮಾಡಿ "ಓಕೆ ಪಪ್ಪಾ" ಎಂದಿದ್ದಳು.

ಈಗ ಅದೇ ಯಶ್ಮಿತಾ ಬೆನ್ನು ನೆಟ್ಟಗೆ ಮಾಡಿಕೊಂಡು, "ಹೌದು ಮೇಡಂ. ಸೇಫ್ಟಿ ಅಂತಲೇ ಹುಡುಕಿದೆ" ಎಂದುಬಿಟ್ಟಳು.

ಗುಣಪಾಲ ಕುರ್ಚಿಯ ತುದಿಗೆ ಸರಿದ. ಪಾಲಕರು ಒಳಗೆ ಕೂರಬಹುದು, ಬಾಯಿ ಬಿಡುವಂತಿಲ್ಲ ಎಂದು ಬಾಗಿಲಲ್ಲೇ ಹೇಳಿದ್ದರು. ಹನಾನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ದೊಡ್ಡ ಸ್ಕಾಲರ್‌ಶಿಪ್ ವರ್ಷಕ್ಕೆ ಇಬ್ಬರಿಗೆ ಮಾತ್ರ. ಕಳೆದ ವರ್ಷ ಪಡೆದ ಇಬ್ಬರೂ ಕಡೇ ಗಳಿಗೆಯಲ್ಲಿ ಬೇರೆ ಕಡೆ ಹೋದರು. ನಿಜವಾಗಿ ಬೇಕಿದ್ದ ಬೇರೆ ಮಕ್ಕಳಿಗೆ ಅದನ್ನು ಕೊಡಲು ಅಷ್ಟರಲ್ಲಿ ಹೊತ್ತು ಮೀರಿತ್ತು. ನಿನಗೆ ಕೆನಡಾದಲ್ಲಿ ಸೀಟು ಸಿಕ್ಕಿದೆ. ಹೀಗಿರುವಾಗ ನಿನಗೆ ಯಾಕೆ ಕೊಡಲಿ?"

"ಕೆನಡಾದವರು ಸೀಟು ಮಾತ್ರ ಕೊಟ್ಟರು ಮೇಡಂ, ಸ್ಕಾಲರ್‌ಶಿಪ್ ಕೊಡಲಿಲ್ಲ. ನಮ್ಮ ತಂದೆಗೆ ಮುಸಫ್ಫಾದ ವರ್ಕ್‌ಶಾಪಿನಲ್ಲಿ ಕೆಲಸ. ಮಂಡಿ ನೋವು. ಈ ವರ್ಷ ಬಿಟ್ಟು ಊರಿಗೆ ಹೋಗುವವರಿದ್ದರು. ನನ್ನ ಫೀಸಿಗಾಗಿ ಇನ್ನೂ ನಾಲ್ಕು ವರ್ಷ ಇರುತ್ತೇನೆ ಅಂತ ಮ್ಯಾನೇಜರ್ ಹತ್ತಿರ ಹೇಳಿದ್ದಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ."

ಗುಣಪಾಲ ತಲೆ ತಗ್ಗಿಸಿದ. ಹೆಂಡತಿ ವಾರಿಜಾಕ್ಷಿಗೂ ಅವನು ಅದನ್ನು ಹೇಳಿರಲಿಲ್ಲ.

"ಆದ್ದರಿಂದ ಮೊದಲು ನೋಡಿದ್ದು ಫೀಸು, ಸ್ಕಾಲರ್‌ಶಿಪ್," ಯಶ್ಮಿತಾ ಮುಂದುವರಿಸಿದಳು. "ಆಮೇಲೆ ಏನು ಕಲಿಸುತ್ತೀರಿ ಅಂತ ಓದಿದೆ. ನನಗೆ ಭೂವಿಜ್ಞಾನ ಬೇಕು. ಕೆನಡಾದಲ್ಲಿ ಮೂರನೇ ವರ್ಷದವರೆಗೂ ಲ್ಯಾಬಿನಲ್ಲೇ ಕೂರಿಸುತ್ತಾರೆ. ನೀವು ಮೊದಲ ವರ್ಷವೇ ಬೆಟ್ಟ ಹತ್ತಿಸುತ್ತೀರಿ." ಅವಳು ಕಿಟಕಿಯತ್ತ ಕೈ ತೋರಿದಳು. ಹೊರಗೆ ಒಂದು ಗಿಡವೂ ಇಲ್ಲದ ಬೂದು ಬೆಟ್ಟಗಳು ಬಿಸಿಲಿಗೆ ಎದೆಯೊಡ್ಡಿ ನಿಂತಿದ್ದವು. "ಅಲ್ಲಿ ಮೇಲೆ ಸಮುದ್ರದ ಚಿಪ್ಪುಗಳಿವೆಯಂತೆ, ಕಲ್ಲಾಗಿ ಹೋದವು. ನನಗೆ ಅವನ್ನು ನೋಡಬೇಕು. ನಿಮ್ಮ ಕೆಲವು ವಿದ್ಯಾರ್ಥಿಗಳಿಗೆ ಮೆಸೇಜ್ ಮಾಡಿ, ಇಲ್ಲಿಗೆ ಸೇರಿದ್ದಕ್ಕೆ ಬೇಜಾರು ಉಂಟಾ ಅಂತಲೂ ಕೇಳಿದೆ."

"ಏನೆಂದರು?"

"ಹಾಸ್ಟೆಲ್ ಊಟ ಚೆನ್ನಾಗಿಲ್ಲ ಅಂದರು. ಮತ್ತೇನೂ ದೂರಿಲ್ಲ."

ಹನಾನ್ ತುಟಿ ಬಿಗಿಹಿಡಿದು ನಗು ತಡೆದುಕೊಂಡರು.

"ಮೇಡಂ, ಉಳಿದ ಕಾಲೇಜುಗಳ ಹೆಸರನ್ನೆಲ್ಲ ನನಗೆ ಯಾರ್ಯಾರೋ ಹೇಳಿದರು. ಟೀಚರು, ಕಸಿನ್ಸು, ಪಪ್ಪನ ಫ್ರೆಂಡ್ಸು. ನಿಮ್ಮ ಈ ವಾದಿ ಸಿದ್ರಾ ಕಾಲೇಜನ್ನು ಮಾತ್ರ ನಾನೇ ಹುಡುಕಿದ್ದು. ಹುಡುಕುವಾಗ ನೀವು ಸೇಫ್ಟಿ. ಈಗ ಅಲ್ಲ." ಅವಳು ಮೇಜಿನ ಕಡೆ ಬಾಗಿದಳು. "ನನ್ನದೂ ಒಂದು ಪ್ರಶ್ನೆ ಇದೆ. ಮೊದಲ ಸೆಮಿಸ್ಟರಿನಲ್ಲಿ ಮಾರ್ಕ್ಸ್ ಸ್ವಲ್ಪ ಇಳಿದರೆ ಸ್ಕಾಲರ್‌ಶಿಪ್ ಹೋಗುತ್ತದಾ, ಸರಿಪಡಿಸಿಕೊಳ್ಳಲು ಅವಕಾಶ ಕೊಡುತ್ತೀರಾ?"

"ಒಂದು ಸೆಮಿಸ್ಟರ್ ಅವಕಾಶ ಉಂಟು," ಎಂದರು ಹನಾನ್. "ಇದುವರೆಗೆ ಇದನ್ನು ಯಾರೂ ಸೇರುವ ಮೊದಲು ಕೇಳಿರಲಿಲ್ಲ. ಹೊರಗೆ ಕಾಯಿರಿ."

ಕಾರಿಡಾರಿನಲ್ಲಿ ಗುಣಪಾಲ ಮಗಳ ಪಕ್ಕ ಕೂತ. ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಕೊನೆಗೆ, "ಮ್ಯಾನೇಜರ್ ವಿಷಯ ನಿನಗೆ ಯಾರು ಹೇಳಿದ್ದು?" ಎಂದಷ್ಟೇ ಕೇಳಿದ.

"ನೀವೇ. ಫೋನಲ್ಲಿ ಅಷ್ಟು ಜೋರಾಗಿ ಮಾತಾಡಿದ್ರೆ ಇಡೀ ಬಿಲ್ಡಿಂಗಿಗೆ ಕೇಳ್ತದೆ ಪಪ್ಪಾ."

ಇಬ್ಬರೂ ನಗುತ್ತಿರುವಾಗಲೇ ಬಾಗಿಲು ತೆರೆಯಿತು. ಸಹಾಯಕರನ್ನು ಕಳಿಸದೆ ಹನಾನ್ ತಾವೇ ಬಂದಿದ್ದರು. ಯಶ್ಮಿತಾಳ ಕೈ ಹಿಡಿದುಕೊಂಡು, "ನಾಲ್ಕು ವರ್ಷವೂ ಫೀಸು ಇಲ್ಲ. ಹಾಸ್ಟೆಲಿನ ಖರ್ಚೂ ನಮ್ಮದು, ಊಟ ಚೆನ್ನಾಗಿಲ್ಲವಲ್ಲ, ಅದಕ್ಕೆ" ಎಂದರು. ಆಮೇಲೆ ಗುಣಪಾಲನ ಕಡೆ ತಿರುಗಿ, "ಅವಳ ವೀಸಾ ಕೂಡ ಕಾಲೇಜೇ ಮಾಡಿಸುತ್ತದೆ. ನೀವು ನಿಶ್ಚಿಂತೆಯಾಗಿ ಊರಿಗೆ ಹೋಗಬಹುದು" ಎಂದರು.

ಗುಣಪಾಲ ಎದ್ದು ನಿಂತ. ಎರಡೂ ಕೈ ಜೋಡಿಸಿದ.

ಪಾರ್ಕಿಂಗಿನಲ್ಲಿ ಕಾರು ಕುಲುಮೆಯಂತೆ ಕಾದಿತ್ತು. ಯಶ್ಮಿತಾ ಎರಡೂ ಬಾಗಿಲು ತೆರೆದಿಟ್ಟು, ಬಿಸಿಲಲ್ಲೇ ಕುಣಿದಳು. ಅವನು ವಾರಿಜಾಕ್ಷಿಗೆ ಫೋನು ಮಾಡಿದ. ಅವಳು ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಮೇಲೆ ದನಿ ತಗ್ಗಿಸಿ, "ಅಲ್ಲ, ನಮ್ಮ ಊರವರ ಸಂಘದಲ್ಲಿ ಎಲ್ಲರಿಗೂ ಕೆನಡಾ ಅಂತ ಹೇಳಿ ಆಗಿದೆ. ಇದು ಯಾವ ಕಾಲೇಜು, ಹೆಸರೇ ಕೇಳಿಲ್ಲ ಅಂತ ಅವರು ಅಂದ್ರೆ ನಾನು ಎಂತ ಹೇಳುವುದು?" ಎಂದು ಕೇಳಿದಳು.

ಗುಣಪಾಲ ಕುಣಿಯುತ್ತಿದ್ದ ಮಗಳನ್ನು ನೋಡಿದ.

"ಹೆಸರಿನ ಸ್ಪೆಲ್ಲಿಂಗ್ ಹೇಳಿಕೊಡು ಅವರಿಗೆ. ಇನ್ನು ಮುಂದೆ ಕೇಳಿರ್ತಾರೆ," ಎಂದ.