ಬಾವಿ ತೋಡಿದವರು

ಶುಕ್ರವಾರ ಸಿನಿಮಾ ಬಿಡುಗಡೆಯಾಯಿತು. ಎಂದಿನಂತೆ ಅಂದೇ, ಮೂಲ ಕಾದಂಬರಿಯ ಎಲ್ಲ ಪ್ರತಿಗಳಲ್ಲೂ ಅಕ್ಷರಗಳು ಸಿನಿಮಾಕ್ಕೆ ತಕ್ಕಂತೆ ಬದಲಾದವು. ಲೇಖಕಿ ನೀಲಾಂಬಿಕೆ ಗ್ರಂಥಾಲಯಕ್ಕೆ ಬಂದು ಪುಸ್ತಕವನ್ನು ಗ್ರಂಥಪಾಲಕ ತಿಪ್ಪೇಸ್ವಾಮಿಯ ಮೇಜಿನ ಮೇಲೆ ಕುಕ್ಕಿದರು.

“ಸಿನಿಮಾ ಆಗ್ಲೇಬೇಕಾದ ಕಾದಂಬರಿ ಅಂತ ನೀವೇ ತಲೆ ತಿಂದ್ರಿ! ಮಂಗಳ ಗ್ರಹದಲ್ಲಿ ಬಾವಿ ತೋಡಿದ್ದು ನನ್ನ ಕೆಂಚಮ್ಮ. ಈಗ ಹೀರೋ ತೋಡ್ತಾನೆ, ಇವಳು ಬುತ್ತಿ ಹೊತ್ಕೊಂಡು ಹೋಗ್ತಾಳೆ!”

“ಎಲ್ಲಾ ಪುಸ್ತಕಕ್ಕೂ ಹಿಂಗೇ ಆಗುತ್ತಲ್ಲ ಮೇಡಂ,” ಎನ್ನುತ್ತ ತಿಪ್ಪೇಸ್ವಾಮಿ ಮೊದಲ ಪುಟ ತೆರೆದ. “ಅರ್ಪಣೆ ಚೆನ್ನಾಗಿದೆ ನೋಡಿ. ‘ನಮ್ಮೂರ ಬಾವಿಯನ್ನು ಒಬ್ಬನೇ ತೋಡಿದ ಅಪ್ಪನಿಗೆ.’”

ನೀಲಾಂಬಿಕೆ ಪುಸ್ತಕ ಕಿತ್ತುಕೊಂಡು ನೋಡಿದರು.

“ಅಪ್ಪ ಹಾರೆ ಮುಟ್ಟಿದೋನೇ ಅಲ್ಲ ಕಣ್ರೀ! ತೋಡಿದ್ದು ನಮ್ಮಮ್ಮ! ನಾನು ಅರ್ಪಿಸಿದ್ದೂ ಅವಳಿಗೇ!”

ತಿಪ್ಪೇಸ್ವಾಮಿ ಮತ್ತೊಮ್ಮೆ ಓದಿದ.

“ಪುಸ್ತಕದಲ್ಲಿ ಹಂಗಿಲ್ವಲ್ಲ ಮೇಡಂ.”