ನಾಯಿಯ ಬದಲಿಗೆ ಆರು ಮೀನು

ಸಾಕುಮೀನಿನ ಅಂಗಡಿಯಲ್ಲಿ ಮಾನ್ಯಾ ಮೂರನೆಯ ತೊಟ್ಟಿಯ ಗಾಜಿಗೆ ಮೂಗೊತ್ತಿ ನಿಂತಾಗ ಗಿರೀಶ ಗಡಿಯಾರ ನೋಡಿಕೊಂಡ. ಮಗಳು ನಾಯಿಯ ಹೆಸರೆತ್ತದೆ ಇಪ್ಪತ್ತೆರಡು ನಿಮಿಷವಾಗಿತ್ತು. ಐದು ವಾರಗಳಲ್ಲಿ ಇದೇ ದಾಖಲೆ.

ಯುಗಾದಿಯ ದಿನ ಬೇವುಬೆಲ್ಲ ಇನ್ನೂ ಬಾಯಲ್ಲಿರುವಾಗಲೇ ಒಂಬತ್ತು ವರ್ಷದ ಮಾನ್ಯಾ, “ಅಪ್ಪಾ, ಐ ವಾಂಟ್ ಅ ಡಾಗ್” ಎಂದಿದ್ದಳು. ಅಂದಿನಿಂದ ಕೆನಡಾದ ಎರಿನ್ ಮಿಲ್ಸ್‌ನ ಆ ಮನೆಯಲ್ಲಿ ತಿಂಡಿಯ ಹೊತ್ತಿಗೆ ನಾಯಿ, ಊಟದ ಹೊತ್ತಿಗೆ ನಾಯಿ, ಫ್ರಿಜ್ಜಿನ ಬಾಗಿಲ ಮೇಲೆ ಲ್ಯಾಬ್ರಡಾರ್ ಚಿತ್ರ.

ಗಿರೀಶನಿಗೆ ಮನೆಯೊಳಗೆ ಉಸಿರಾಡುವ ಹೊಸ ಜೀವ ಯಾವುದೂ ಬೇಕಿರಲಿಲ್ಲ. ಅವನು ಆಹಾರ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಗುಣಮಟ್ಟ ಪರೀಕ್ಷಿಸುವವನು. ಮದುವೆಯಾದ ಹೊಸದರಲ್ಲಿ ರತ್ನಾ ಒಂದು ಅಕ್ವೇರಿಯಂ ಇಡೋಣವೆಂದಾಗ, ಏಕೆ ಬೇಡ ಎಂಬುದಕ್ಕೆ ಏಳು ಕಾರಣಗಳನ್ನು ಹಾಳೆಯಲ್ಲಿ ಬರೆದೇ ಕೊಟ್ಟಿದ್ದ. ಅವಳು ಓದಿ, ಮಡಿಚಿ, ಸುಮ್ಮನಾಗಿದ್ದಳು. ಆದರೆ ಒಂಬತ್ತು ವರ್ಷದವರು ಹಾಳೆ ಓದಿ ಸುಮ್ಮನಾಗುವುದಿಲ್ಲ. ಅವರಿಗೆ ಬೇರೆಯೇ ಉಪಾಯ ಬೇಕು.

ಉಪಾಯಕ್ಕೆ ಎರಡು ಹಂತ. ಮೊದಲು ನಾಯಿಯನ್ನು ಮೀನಿಗೆ ಇಳಿಸುವುದು. ಆಮೇಲೆ ಮೀನನ್ನು ಸೊನ್ನೆಗೆ ಇಳಿಸುವುದು.

ಮೊದಲನೆಯದು ನಿರೀಕ್ಷೆಗಿಂತ ಸಲೀಸಾಯಿತು. ಎರಡು ವಾರದ ಹಿಂದೆ, “ನಾಯಿಗಿಂತ ಬಣ್ಣಬಣ್ಣದ ಮೀನು ಚೆನ್ನಾಗಿರಲ್ವಾ ಪುಟ್ಟೀ?” ಎಂದಾಗ ಮಗಳು ತುಸು ಹೊತ್ತು ಮುಖ ಊದಿಸಿಕೊಂಡು, “ಮೇ ಬಿ” ಎಂದಿದ್ದಳು. ರತ್ನಾಳ ಸಹಕಾರವೂ ದೊಡ್ಡದು. ಒಂದು ಮಾತೂ ಅಡ್ಡ ಆಡಲಿಲ್ಲ. ಸಾಲದ್ದಕ್ಕೆ, ಮೊದಲ ವಾರದಿಂದಲೇ, ನಾಯಿಯ ಗಲಾಟೆಯಲ್ಲಿ ಗಂಡ ದಣಿದಿದ್ದಾನೆಂದು ಬೇಸ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಅವನ ಪಾಳಿಯನ್ನೂ ತಾನೇ ವಹಿಸಿಕೊಂಡಿದ್ದಳು.

ಅಂಗಡಿಯವರು ಜಾಫ್ನಾ ಕಡೆಯ ಹಿರಿಯರು. ಮಾನ್ಯಾಳನ್ನು ಕಂಡೊಡನೆ, “ಕಮ್, ಕಮ್, ಲಿಟಲ್ ಮೇಡಂ” ಎಂದು ನಕ್ಕಿದ್ದರು. ಹೊಸಬರನ್ನೂ ಹಳೆಯ ಗಿರಾಕಿಯಂತೆ ಕಾಣುವ ಇಂಥ ವ್ಯಾಪಾರಿಗಳು ಈಗ ಎಲ್ಲಿದ್ದಾರೆ ಎಂದುಕೊಂಡ ಗಿರೀಶ.

“ಆ ಪಟ್ಟೆ ಪಟ್ಟೆಯದು ತಗೊಳ್ಳೋಣ್ವಾ?” ಎಂದು ಕೇಳಿದ.

“ಟೈಗರ್ ಬಾರ್ಬ್? ನೋ ಅಪ್ಪಾ. ದೇ ಬೈಟ್ ಅದರ್ ಫಿಶಸ್’ ಫಿನ್ಸ್.”

“ಸರಿ, ಇದು?”

“ಅದು ತುಂಬ ಬಿಗ್ ಆಗತ್ತೆ. ಐ ವಾಂಟ್ ನಿಯಾನ್ ಟೆಟ್ರಾಸ್.”

ಬೆರಳಿನ ಒಂದು ಗೆಣ್ಣಿನಷ್ಟುದ್ದದ ಮೀನುಗಳು. ಮೈಮೇಲೆ ನೀಲಿ ಗೆರೆ, ಅದರ ಕೆಳಗೆ ಬಾಲದವರೆಗೂ ಕೆಂಪು. ಗುಂಪು ಒಟ್ಟಿಗೆ ತಿರುಗಿದಾಗ ಯಾರೋ ದೀಪದ ಸರ ಹೊತ್ತಿಸಿ ಆರಿಸಿದಂತೆ ಕಾಣುತ್ತಿತ್ತು. ಚೆನ್ನಾಗಿವೆ ಎಂದು ಗಿರೀಶನೂ ಒಪ್ಪಿದ. ಮನೆಗೆ ಬರದ ಮೀನನ್ನು ಮೆಚ್ಚಲು ಅವನಿಗೆ ಅಡ್ಡಿಯಿರಲಿಲ್ಲ.

“ಎರಡು ಸಾಕಲ್ವಾ?”

“ದೇ ಗೆಟ್ ಲೋನ್ಲಿ, ಅಪ್ಪಾ. ಅಟ್ ಲೀಸ್ಟ್ ಸಿಕ್ಸ್.”

ಶಾಲೆಯ ಲೈಬ್ರರಿ ಒಳ್ಳೆಯ ಕೆಲಸ ಮಾಡುತ್ತಿದೆ ಎಂದು ಗಿರೀಶನಿಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಬಾಗಿಲು ತೆರೆದು, ಬಿಳಿಯ ಪುಟ್ಟ ನಾಯಿಯೊಂದನ್ನು ಎತ್ತಿಕೊಂಡು ಒಬ್ಬ ಹೆಂಗಸು ಒಳಬಂದಳು. ಗಿರೀಶ ಥಟ್ಟನೆ ಮಗಳತ್ತ ನೋಡಿದ. ಎರಡು ವಾರದ ಶ್ರಮ ನೀರುಪಾಲಾಗುವ ಗಳಿಗೆ. ಆದರೆ ಮಾನ್ಯಾ ನಾಯಿಯತ್ತ ತಿರುಗಲಿಲ್ಲ. ಅಪ್ಪನ ತೋಳನ್ನು ಎರಡೂ ಕೈಯಲ್ಲಿ ಹಿಡಿದು, ಅವನ ಇನ್ನೊಂದು ಮಗ್ಗುಲಿಗೆ ಸರಿದು, ಟೆಟ್ರಾಗಳನ್ನೇ ದಿಟ್ಟಿಸುತ್ತ ನಿಂತಳು.

“ನೋಡಿದ್ಯಾ?” ಎಂದು ಗಿರೀಶ ಪಕ್ಕದಲ್ಲಿದ್ದ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. “ನಾಯಿ ಪಕ್ಕದಲ್ಲೇ ಹೋದ್ರೂ ಕಣ್ಣೆತ್ತಲಿಲ್ಲ. ಮಕ್ಕಳ ಮನಸ್ಸನ್ನ ಹೀಗೆ ತಿರುಗಿಸ್ಬೇಕು.”

“ನಿಮ್ಮಷ್ಟು ನಂಗೆಲ್ಲಿ ಬರುತ್ತೆ ರೀ” ಎಂದಳು ರತ್ನಾ.

ಇನ್ನು ಎರಡನೆಯ ಹಂತ. ಗಿರೀಶ ಮಗಳ ಎದುರು ಮಂಡಿಯೂರಿ ಕೂತ.

“ಆರು ನಿಯಾನ್ ಟೆಟ್ರಾ. ಡನ್. ಆದ್ರೆ ಇವತ್ತಲ್ಲ ಪುಟ್ಟೀ. ಮೀನಿನ ಗಲೀಜಿಂದ ನೀರಲ್ಲಿ ಅಮೋನಿಯಾ ಆಗುತ್ತೆ. ಅದನ್ನ ತಿನ್ನೋ ಬ್ಯಾಕ್ಟೀರಿಯಾ ಮೊದಲು ತೊಟ್ಟಿಯಲ್ಲಿ ಬೆಳೀಬೇಕು. ಹೊಸ ತೊಟ್ಟಿಗೆ ಹಾಗೇ ಬಿಟ್ರೆ ಪಾಪ, ಸತ್ತೇ ಹೋಗ್ತವೆ. ಇದು ಅಪ್ಪ ಮಾಡಿದ ರೂಲ್ ಅಲ್ಲ, ಕೆಮಿಸ್ಟ್ರಿ. ಬೇಕಾದ್ರೆ ಅಂಕಲ್‌ನ ಕೇಳು.”

“ನಾಲ್ಕು ವಾರ ಬೇಕು” ಎಂದರು ಅಂಗಡಿಯವರು ಇಂಗ್ಲಿಷಿನಲ್ಲಿ, ಗಂಭೀರವಾಗಿ. “ಐದಾದರೆ ಇನ್ನೂ ಒಳ್ಳೆಯದು. ನೀರು ಪರೀಕ್ಷೆ ಮಾಡದೆ ನಾನು ಟೆಟ್ರಾ ಕೊಡುವುದೇ ಇಲ್ಲ.”

ಗಿರೀಶನಿಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ತೊಟ್ಟಿ ಕೊಳ್ಳಲು ಎರಡು ವಾರ ಎಳೆಯಬಹುದು. ಅದರ ಮೇಲೆ ಐದು ವಾರ. ಅಷ್ಟರಲ್ಲಿ ಬೇಸಿಗೆ ರಜೆ, ಈಜು, ಸೈಕಲ್ಲು. ಮೀನಿನ ನೆನಪು ಯಾರಿಗಿರುತ್ತದೆ?

“ಐದು ವಾರ ಆಗಿ, ವಾಟರ್ ಪಾಸಾದ್ರೆ? ಪ್ರಾಮಿಸ್?” ಮಾನ್ಯಾ ಅವನ ತೋಳು ಬಿಡದೆ ಇನ್ನೊಂದು ಕೈ ಚಾಚಿದಳು.

“ಪ್ರಾಮಿಸ್. ಪಾಸಾದ ಕ್ಷಣವೇ.”

ಕೈಗೆ ಕೈ ಸೇರಿತು. ರತ್ನಾ ಕೈಚೀಲದಿಂದ ಒಂದು ಪುಟ್ಟ ಸೀಸೆ ತೆಗೆದು ಕೌಂಟರಿನ ಮೇಲಿಟ್ಟಳು. ಒಳಗೆ ತಿಳಿನೀರು. ಮೇಲೆ ಮಾನ್ಯಾಳ ದುಂಡು ಅಕ್ಷರದ ಚೀಟಿ: ಲಾಂಡ್ರಿ ರೂಮ್, ಐದನೇ ವಾರ.

ಅಂಗಡಿಯವರು ಗಾಜಿನ ನಳಿಕೆಗಳಿಗೆ ನೀರು ಸುರಿದು, ಔಷಧದ ಹನಿಗಳನ್ನು ಬಿಟ್ಟು, ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಿದರು. “ಅಮೋನಿಯಾ ಸೊನ್ನೆ. ನೈಟ್ರೈಟ್ ಸೊನ್ನೆ. ಹೋದ ವಾರಕ್ಕಿಂತ ಚೆನ್ನಾಗಿದೆ, ಮೇಡಂ” ಎಂದವರೇ ಬಲೆ ಎತ್ತಿಕೊಂಡು ಟೆಟ್ರಾಗಳತ್ತ ನಡೆದರು.

ಗಿರೀಶ ಚೀಟಿಯನ್ನು ಮೂರು ಸಲ ಓದಿದ. ತಾನು ಮೀನಿನ ಮಾತೆತ್ತಿದ್ದೇ ಎರಡು ವಾರದ ಹಿಂದೆ; ಅಂಕಿಗಳು ಎಲ್ಲೋ ತಪ್ಪಿದ್ದವು.

“ಯಾವತ್ತು ತೊಟ್ಟಿಗೆ ನೀರು ತುಂಬಿಸಿದ್ದು?”

“ಯುಗಾದಿ ಹಿಂದಿನ ದಿನ” ಎಂದಳು ರತ್ನಾ.

“ಹಿಂದಿನ ದಿನ?” ಅವನು ಮಗಳತ್ತ ತಿರುಗಿದ. “ಮತ್ತೆ ನಾಯಿ ಬೇಕು ಅಂದಿದ್ದು?”

ಮಾನ್ಯಾ ಅವನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ. “ಅಪ್ಪಾ, ನಂಗೆ ನಾಯಿ ಅಂದ್ರೆ ಭಯ ಅಂತ ನಿಂಗೆ ಗೊತ್ತೇ ಇಲ್ವಾ?”